ರೋಗ ಬಂದಾಗ ದೇಶದ ಲೆಕ್ಕ ಎಲ್ಲಿ ತಪ್ಪುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡಿಗರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ತಿದ್ದಿಲ್ಲ. ಹೆಚ್ಚಿನ ಉದಾಹರಣೆಗಳು ಕೋವಿಡ್ ಕಾಲದವು. ಅಷ್ಟು ವಿವರವಾದ ಅಂಕಿಗಳು ಬೇರೆ ಯಾವ ರೋಗಕ್ಕೂ ಸಿಗುವುದಿಲ್ಲ.

## ಶುರುವಿನ ಪ್ರಶ್ನೆಗಳು

ರೋಗ ಬರುವುದು ಮನುಷ್ಯರಿಗೆ. ಅಡಕೆ ರೇಟಿಗೂ ಅದಕ್ಕೂ ಎಂತ ಸಂಬಂಧ?

ಕಾಯಿಲೆ ಬಿದ್ದವರು ಕೆಲಸಕ್ಕೆ ಹೋಗುವುದಿಲ್ಲ, ಅವರನ್ನು ನೋಡಿಕೊಳ್ಳುವವರೂ ಹೋಗುವುದಿಲ್ಲ. ಕಣ್ಣಿಗೆ ಕಾಣುವ ನಷ್ಟ ಇದು. ಆದರೆ ಸಾಂಕ್ರಾಮಿಕದಲ್ಲಿ ದೊಡ್ಡ ಪೆಟ್ಟು ಬೀಳುವುದು ರೋಗ ಇಲ್ಲದವರ ಓಡಾಟ ನಿಂತಾಗ. ಲಾರಿ ನಿಲ್ಲುತ್ತದೆ, ಮಂಡಿ ಮುಚ್ಚುತ್ತದೆ, ಮದುವೆ ಮುಂದೆ ಹೋಗುತ್ತದೆ.

ಅಡಕೆಯನ್ನೇ ನೋಡಿ. 2020ರ ಮಾರ್ಚ್ 25ಕ್ಕೆ ದೇಶ ಮುಚ್ಚಿದಾಗ ಇಲ್ಲಿ ಒಣಗಿದ ಅಡಕೆ ಸುಲಿದು ಮಾರುವ ಹೊತ್ತು. ಅಡಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಸಹಿತ ಖರೀದಿ ಕೇಂದ್ರಗಳು ಕೆಲವು ವಾರ ಬಾಗಿಲು ಹಾಕಿದವು. ತೆರೆದ ಮೇಲೂ ಒಬ್ಬರಿಂದ ಇಷ್ಟೇ ಎಂಬ ಮಿತಿ ಇತ್ತು. ಮನೆ ತುಂಬ ಅಡಕೆ, ಕೈಯಲ್ಲಿ ಕಾಸಿಲ್ಲ. ಆಮೇಲೆ ಅದೇ ರೋಗ ಹೊರದೇಶದ ಅಡಕೆ ಬರುವ ದಾರಿಯನ್ನೂ ಕಟ್ಟಿತು. 2021ರಲ್ಲಿ ಚಾಲಿ (ಒಣಗಿಸಿ ಸುಲಿದ ಅಡಕೆ) ಕಿಲೋಗೆ 400 ರೂಪಾಯಿ ದಾಟಿತು. ದಾರಿ ಮುಚ್ಚಿದ್ದು ಮೊದಲು ಕೃಷಿಕನಿಗೆ ಹೊಡೆತ, ನಂತರ ಅವನಿಗೇ ಲಾಭ.

ಈ ಲಾಭ ಎಲ್ಲರಿಗೂ ಸಿಗಲಿಲ್ಲ. ಅಡಕೆ ಗೋಣಿಯಲ್ಲಿ ಕಾಯುತ್ತದೆ. ಬೂತಾಯಿ ಮೀನು ಕಾಯುವುದಿಲ್ಲ. ಕೂಲಿಯ ದಿನವಂತೂ ಕಾಯುವುದೇ ಇಲ್ಲ, ಹೋದರೆ ಹೋಯಿತು. ಯಾರ ವ್ಯಾಪಾರ ಕೂಡಿಡಬಹುದಾದದ್ದೋ ಅವರು ಸುಧಾರಿಸಿಕೊಂಡರು. ಬಸ್ಸಿನ ಸೀಟು, ಹೋಟೆಲಿನ ಮೇಜು, ಕ್ಷೌರದ ಕುರ್ಚಿ ನಂಬಿದವರು ಸುಧಾರಿಸಿಕೊಳ್ಳಲಿಲ್ಲ.

ಜಿಡಿಪಿ ಶೇ. 23.9 ಬಿತ್ತು ಅಂದರೆ ಎಲ್ಲರ ಸಂಪಾದನೆಯೂ ಅಷ್ಟು ಬಿತ್ತು ಅಂತಲಾ?

ಅಲ್ಲ. ಜಿಡಿಪಿ ಎಂದರೆ ಒಂದು ಅವಧಿಯಲ್ಲಿ ದೇಶದಲ್ಲಿ ತಯಾರಾದ ಸರಕು, ಸೇವೆಗಳ ಒಟ್ಟು ಮೌಲ್ಯ. ಆ ಅಂಕಿ 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳನ್ನು ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿದ ಮೊದಲ ಅಂದಾಜು, ಅದೂ ಸರಾಸರಿ. ಒಳಗೆ ನೋಡಿದರೆ ಕಟ್ಟಡ ಕೆಲಸ ಶೇ. 50.3 ಕುಸಿದಿತ್ತು, ವ್ಯಾಪಾರ, ಹೋಟೆಲು, ಸಾಗಾಟ ಸೇರಿದ ಗುಂಪು ಶೇ. 47, ಕಾರ್ಖಾನೆ ಉತ್ಪಾದನೆ ಶೇ. 39.3. ಕೃಷಿ ಮಾತ್ರ ಶೇ. 3.4 ಏರಿತ್ತು. ಒಂದೇ ಮನೆಯಲ್ಲಿ ಅಪ್ಪ ತೋಟದವರು, ಮಗ ಟೈಲ್ಸ್ ಹಾಕುವವನು ಎಂದಿಟ್ಟುಕೊಳ್ಳಿ. ಆ ಮನೆಯಲ್ಲಿ ಏರಿದ್ದೂ ಇದೆ, ಬಿದ್ದದ್ದೂ ಇದೆ. ಸರಾಸರಿ ಇಬ್ಬರಲ್ಲಿ ಯಾರ ಕಥೆಯನ್ನೂ ಹೇಳುವುದಿಲ್ಲ.

ಮರುವರ್ಷ ಶೇ. 20 ಏರಿತಲ್ಲ. ಹಾಗಾದರೆ ನಷ್ಟ ತುಂಬಿತಲ್ವಾ?

ಬಿದ್ದ ಶೇಕಡಾ, ಎದ್ದ ಶೇಕಡಾ ಎರಡನ್ನೂ ನೇರ ಕೂಡಿಸಿ ಕಳೆಯಬಾರದು. 2019ರ ಏಪ್ರಿಲ್–ಜೂನ್‌ನಲ್ಲಿ 100 ಇತ್ತು ಎನ್ನಿ. ಪರಿಷ್ಕೃತ ಲೆಕ್ಕದಲ್ಲಿ ಮರುವರ್ಷ ಶೇ. 24.4 ಬಿದ್ದು 75.6 ಆಯಿತು. 2021ರಲ್ಲಿ ಶೇ. 20.1 ಏರಿದ್ದು 100ರ ಮೇಲಲ್ಲ, ಆ 75.6ರ ಮೇಲೆ: ಸುಮಾರು 90.8. ಎರಡು ವರ್ಷ ಕಳೆದರೂ ಹತ್ತಿರಹತ್ತಿರ ಒಂಬತ್ತು ಕಡಿಮೆ. ರೋಗ ಬರದಿದ್ದರೆ ಆ ಎರಡು ವರ್ಷದಲ್ಲಿ 100 ಬೆಳೆದು 110ರ ಹತ್ತಿರ ಹೋಗುತ್ತಿತ್ತು ಎಂದುಕೊಂಡರೆ ಕಂದಕ ಇನ್ನೂ ಆಳ.

ಆಸ್ಪತ್ರೆ ಬಿಲ್ಲೂ ಜಿಡಿಪಿಗೆ ಸೇರ್ತದಂತೆ. ಹಾಗಾದರೆ ರೋಗ ಹೆಚ್ಚಾದಷ್ಟೂ ದೇಶಕ್ಕೆ ಲಾಭ ಅಲ್ವಾ?

ಕೊಂಕಿನಂತೆ ಕೇಳಿದರೂ ಒಳ್ಳೆಯ ಪ್ರಶ್ನೆ. ಹೌದು, ಸೇರುತ್ತದೆ. ಜಿಡಿಪಿ ಖರ್ಚನ್ನು ಎಣಿಸುತ್ತದೆ, ಆ ಖರ್ಚು ಸುಖದ್ದೋ ದುಃಖದ್ದೋ ಕೇಳುವುದಿಲ್ಲ. ಆದರೆ ಬಿಲ್ಲು 2 ಲಕ್ಷ ಎನ್ನಿ, ಆ ಹಣ ಎಲ್ಲಿಂದ ಬಂತು? ಮನೆಯ ಮಾಡು ಬದಲಿಸಲು ಇಟ್ಟದ್ದಾದರೆ ಹಂಚು, ಮರ, ಆಚಾರಿಯ ಕೂಲಿ ಅಷ್ಟೇ ಕಡಿಮೆಯಾಯಿತು. ಚಿನ್ನ ಅಡವಿಟ್ಟದ್ದಾದರೆ ಮುಂದಿನ ಮೂರು ವರ್ಷದ ಖರ್ಚು ಬಡ್ಡಿಗೆ ಹೋಯಿತು. ಮೊತ್ತ ಬೆಳೆಯುವುದಿಲ್ಲ, ಒಂದು ಜೇಬಿನಿಂದ ಇನ್ನೊಂದಕ್ಕೆ ದಾಟುತ್ತದೆ, ಅಷ್ಟೆ.

## ಕೆಲಸ, ಕೂಲಿ, ಗಡಿ

ಹಾಳು ಮಾಡಿದ್ದು ಲಾಕ್‌ಡೌನ್, ರೋಗ ಅಲ್ಲ. ಸರಿಯಲ್ವಾ?

ಅರ್ಧ ಸರಿ. ಮುಚ್ಚುಗಡೆ ಇಲ್ಲದೆಯೂ ಹೆದರಿಕೆಯೊಂದೇ ವ್ಯಾಪಾರ ನಿಲ್ಲಿಸಿದ ಉದಾಹರಣೆಗಳಿವೆ. 2015ರಲ್ಲಿ ದಕ್ಷಿಣ ಕೊರಿಯಾಕ್ಕೆ ಮೆರ್ಸ್ ಎಂಬ ಉಸಿರಾಟದ ರೋಗ ಬಂತು. ಸೋಂಕು ತಗಲಿದ್ದು 186 ಮಂದಿಗೆ, ಸತ್ತವರು 38. ದೇಶ ಮುಚ್ಚಲಿಲ್ಲ. ಆದರೂ ಆ ಜೂನ್‌ನಲ್ಲಿ ವಿದೇಶಿ ಪ್ರವಾಸಿಗರು ಶೇ. 40ಕ್ಕೂ ಹೆಚ್ಚು ಕಡಿಮೆಯಾದರು, ಅಲ್ಲಿನ ಕೇಂದ್ರ ಬ್ಯಾಂಕು ಬಡ್ಡಿದರ ಇಳಿಸಬೇಕಾಯಿತು. 1994ರ ಸೂರತ್ ಪ್ಲೇಗಿನಲ್ಲಿ ಸತ್ತವರು 60ಕ್ಕಿಂತ ಕಡಿಮೆ. ಊರು ಬಿಟ್ಟು ಓಡಿದವರು ಲಕ್ಷಗಟ್ಟಲೆ. ಕೊಲ್ಲಿ ದೇಶಗಳು ವಿಮಾನ ನಿಲ್ಲಿಸಿದವು. 2018ರಲ್ಲಿ ಕೋಯಿಕ್ಕೋಡಿನಲ್ಲಿ ನಿಫಾ ಕಾಣಿಸಿದಾಗ ಯುಎಇ, ಬಹರೈನ್ ಕೇರಳದ ಹಣ್ಣು ತರಕಾರಿಯನ್ನೇ ಬೇಡ ಎಂದವು. ಕಾಸರಗೋಡಿನ ಬಾಳೆಗೂ ಕೋಯಿಕ್ಕೋಡಿನ ಜ್ವರಕ್ಕೂ ಸಂಬಂಧ ಇರಲಿಲ್ಲ, ಚೀಟಿಯಲ್ಲಿ ‘ಕೇರಳ’ ಎಂದಿತ್ತು ಅಷ್ಟೆ.

ಹೆದರಿಕೆ ಅಂಗಡಿಯನ್ನು ಖಾಲಿ ಮಾಡುತ್ತದೆ, ಮುಚ್ಚುಗಡೆ ಅದನ್ನು ನಾಲ್ಕು ಗಂಟೆಯಲ್ಲಿ ಮುಚ್ಚಿಸುತ್ತದೆ. 2020ರಲ್ಲಿ ನಮ್ಮ ದೇಶದ ತಪ್ಪು ಇದ್ದದ್ದು ಆ ಅವಸರದಲ್ಲಿ ಎಂಬುದು ನಮ್ಮ ಅಭಿಪ್ರಾಯ: ರಾತ್ರಿ 8ಕ್ಕೆ ಘೋಷಣೆ, ಮಧ್ಯರಾತ್ರಿಗೆ ಜಾರಿ. ಊರಿಗೆ ಹೋಗಲು ಎರಡು ದಿನ ಕೊಟ್ಟಿದ್ದರೆ ಹೆದ್ದಾರಿಯಲ್ಲಿ ನಡೆದವರ ಸಂಖ್ಯೆ ಬಹಳ ಕಡಿಮೆ ಇರುತ್ತಿತ್ತು.

ತಲಪಾಡಿ ಮುಚ್ಚಿದ್ದು ಆಸ್ಪತ್ರೆ ವಿಷಯ. ಅದನ್ನು ಯಾಕೆ ಆರ್ಥಿಕತೆಗೆ ಸೇರಿಸ್ತೀರಿ?

ಕಾಸರಗೋಡಿನ ದುಡ್ಡು, ಚಿಕಿತ್ಸೆ, ಕಾಲೇಜು ಮೂರೂ ಮಂಗಳೂರಿನ ದಾರಿಯಲ್ಲೇ, ಅಂದರೆ ತಲಪಾಡಿ ಗಡಿಯ ಆಚೆಗೇ, ಇರುವುದರಿಂದ. 2020ರ ಮಾರ್ಚ್ ಕೊನೆಗೆ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ಜಿಲ್ಲೆಯಲ್ಲಿ ನಡೆಯುತ್ತಿರುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇರಲಿಲ್ಲ. ಉಕ್ಕಿನಡ್ಕದ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರೂ ಮೊದಲ ಕಟ್ಟಡ ತೆರೆದದ್ದು 2020ರ ಏಪ್ರಿಲ್‌ನಲ್ಲಿ, ಅದೂ ಕೋವಿಡ್ ಆಸ್ಪತ್ರೆಯಾಗಿ. ಡಯಾಲಿಸಿಸ್, ಹೃದಯ, ಹೆರಿಗೆ ಎಂದರೆ ಮಂಗಳೂರು. ಅದು ಬಿಟ್ಟರೆ ಕಣ್ಣೂರಿನ ಪರಿಯಾರಂ. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ತಡೆ ತೆಗೆಸಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ಕ್ಕೆ ಕೋವಿಡ್ ಇಲ್ಲದ ರೋಗಿಗಳನ್ನು ಬಿಡಲು ಒಪ್ಪಂದವಾಯಿತು.

ಇದು ದೊಡ್ಡ ನಷ್ಟ. ಆಮೇಲೆ ಬಂದ ಸಣ್ಣ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. 2021ರಲ್ಲಿ ಗಡಿ ದಾಟಲು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ಕೇಳಿದರು. ಆಗ ಕೇರಳದ ಖಾಸಗಿ ಲ್ಯಾಬಿನಲ್ಲಿ ಪರೀಕ್ಷೆಗೆ 500 ರೂಪಾಯಿ. ಮಂಜೇಶ್ವರದಿಂದ ಮಂಗಳೂರಿಗೆ ಹೋಗಿ ದಿನಕ್ಕೆ 700 ದುಡಿಯುವವರು ಎಂದಿಟ್ಟುಕೊಳ್ಳಿ. ಆರು ದಿನಕ್ಕೆ 4,200. ವಾರಕ್ಕೆ ಎರಡು ಪರೀಕ್ಷೆ ಎಂದರೆ 1,000, ಸಂಪಾದನೆಯ ಕಾಲು ಭಾಗದ ಹತ್ತಿರ. ಸಂಬಳದವರಿಗೂ ಬೀಳದ ತೆರಿಗೆ ಇದು. ಅನೇಕರು ಹೋಗುವುದನ್ನೇ ಬಿಟ್ಟರು. ಅವರು ‘ನಿರುದ್ಯೋಗಿ’ಗಳ ಪಟ್ಟಿಗೂ ಸೇರಲಿಲ್ಲ, ಮನೆಯ ತೋಟದಲ್ಲಿ ‘ಕೆಲಸ ಮಾಡುವವರು’ ಎಂದಾದರು.

ಕೆಲಸ ಹೋದವರೆಲ್ಲ ಎಲ್ಲಿಗೆ ಹೋದ್ರು?

ಮೇಲಿನ ಉತ್ತರದ ಕೊನೆಯ ಸಾಲನ್ನೇ ಇಡೀ ದೇಶಕ್ಕೆ ಹಿಗ್ಗಿಸಿ. ಸರ್ಕಾರದ ಸಮೀಕ್ಷೆಯ ಪ್ರಕಾರ 2018–19ರಲ್ಲಿ ದುಡಿಯುವವರಲ್ಲಿ ಶೇ. 42.5 ಮಂದಿ ಕೃಷಿಯಲ್ಲಿದ್ದರು, 2020–21ರಲ್ಲಿ ಶೇ. 46.5. ದೇಶ ಬೆಳೆದಂತೆ ಈ ಅಂಕಿ ಇಳಿಯಬೇಕು, ದಶಕಗಳಿಂದ ಇಳಿಯುತ್ತಲೂ ಇತ್ತು. ತಿರುಗಿ ಏರಿದ್ದು ಹೊಲದಲ್ಲಿ ಕೆಲಸ ಹೆಚ್ಚಾಗಿ ಅಲ್ಲ, ಬೇರೆಲ್ಲೂ ಇಲ್ಲದ್ದರಿಂದ. ಇಬ್ಬರ ಕೆಲಸವನ್ನು ಮೂವರು ಹಂಚಿಕೊಂಡರು. ಉದ್ಯೋಗ ಖಾತರಿಯಲ್ಲಿ ಆ ವರ್ಷ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಬಜೆಟ್ಟಿನ 61,500 ಕೋಟಿ ಸಾಲದೆ ಇನ್ನೂ 40,000 ಕೋಟಿ ಸೇರಿಸಬೇಕಾಯಿತು.

ಗಲ್ಫ್ ಹಣ ನಿಂತೇ ಹೋಗ್ತದೆ ಅಂತ ಹೇಳಿದ್ರಲ್ಲ, ಎಂತಾಯ್ತು?

2020ರ ಏಪ್ರಿಲ್‌ನಲ್ಲಿ ವಿಶ್ವಬ್ಯಾಂಕು ಭಾರತಕ್ಕೆ ಬರುವ ಹಣ ಶೇ. 23 ಕುಸಿಯಬಹುದೆಂದಿತ್ತು. ವರ್ಷ ಮುಗಿದಾಗ ಬಂದದ್ದು ಸುಮಾರು 8,300 ಕೋಟಿ ಡಾಲರ್, ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ಇದನ್ನು ಕೇಳಿ ಕಾಸರಗೋಡಿನ ಉಪ್ಪಳದವರು ನಗಬಹುದು, ಏಕೆಂದರೆ ಬೀಗ ಬಿದ್ದ ಬಾಗಿಲುಗಳು ಅವರ ಬೀದಿಯಲ್ಲೇ ಇದ್ದವು.

ಎರಡೂ ನಿಜ. ಹಣ ಬರುವ ದಿಕ್ಕು ಬದಲಾಗಿತ್ತು. ರಿಸರ್ವ್ ಬ್ಯಾಂಕಿನ ಸಮೀಕ್ಷೆಯಂತೆ 2016–17ರಲ್ಲಿ ಕೇರಳದ ಪಾಲು ಶೇ. 19 ಇತ್ತು, 2020–21ರಲ್ಲಿ ಶೇ. 10.2. ಯುಎಇಯನ್ನು ಹಿಂದಿಕ್ಕಿ ಅಮೆರಿಕ ಮೊದಲ ಸ್ಥಾನಕ್ಕೆ ಬಂತು. ಕಂಪ್ಯೂಟರ್ ಮುಂದೆ ಕೂತು ಮನೆಯಿಂದ ದುಡಿದವರ ಹಣ ಬಂತು. ಅಂಗಡಿ, ಹೋಟೆಲು, ಕಟ್ಟಡದಲ್ಲಿ ನಿಂತು ದುಡಿದವರು ವಿಮಾನ ಹತ್ತಿ ಊರಿಗೆ ಬಂದರು. ಬರುವಾಗ ಕೈಯಲ್ಲಿದ್ದ ಉಳಿತಾಯವನ್ನೂ ಒಟ್ಟಿಗೆ ತಂದರು. ಅದೂ ಆ ವರ್ಷದ ‘ಬಂದ ಹಣ’ಕ್ಕೇ ಸೇರುತ್ತದೆ, ಆದರೆ ಮತ್ತೆ ಬರುವಂಥದ್ದಲ್ಲ.

## ಸಾಲ, ತೆರಿಗೆ, ಸರ್ಕಾರ

ಆರು ತಿಂಗಳು ಸಾಲದ ಕಂತು ಕಟ್ಟಬೇಡಿ ಅಂದ್ರು. ಅದು ಲಾಭವಾ, ನಷ್ಟವಾ?

ಕೈಯಲ್ಲಿ ಹಣ ಇದ್ದವರಿಗೆ ನಷ್ಟ, ಇಲ್ಲದವರಿಗೆ ಉಸಿರು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತನ್ನು ಮುಂದೂಡಿದ್ದು ಮಾತ್ರ, ಬಡ್ಡಿ ಓಡುತ್ತಲೇ ಇತ್ತು.

ಶೇ. 9ರ ಬಡ್ಡಿಯಲ್ಲಿ 5 ಲಕ್ಷ ಬಾಕಿ, ಇನ್ನೂ 120 ಕಂತು ಇದೆ ಎನ್ನಿ. ಕಂತು ಸುಮಾರು 6,334. ಆರು ತಿಂಗಳು ಕಟ್ಟದಿದ್ದರೆ 22,926 ಬಡ್ಡಿ ಸೇರಿ ಅಸಲು 5,22,926 ಆಗುತ್ತದೆ. ಕಂತಿನ ಮೊತ್ತ ಅಷ್ಟೇ ಇಟ್ಟರೆ ಮುಗಿಯಲು 120ರ ಬದಲು 129 ಕಂತು ದಾಟಬೇಕು. ಒಟ್ಟು ಹೆಚ್ಚು ಹೊರೆ 58,000ದ ಆಸುಪಾಸು. ಸಾಲ ಹೊಸದಾದಷ್ಟೂ ಹೊರೆ ಹೆಚ್ಚು. ಕೊನೆಯ ವರ್ಷದಲ್ಲಿದ್ದವರಿಗೆ ಅಷ್ಟೇನೂ ಇಲ್ಲ.

‘ಬಡ್ಡಿ ಮನ್ನಾ ಆಯಿತಲ್ಲ’ ಎನ್ನುವವರಿದ್ದಾರೆ. ಮನ್ನಾ ಆದದ್ದು ಬಡ್ಡಿಯ ಮೇಲಿನ ಬಡ್ಡಿ. ಈ ಸಾಲದಲ್ಲಿ ಸರಳ ಬಡ್ಡಿ 22,500, ಚಕ್ರಬಡ್ಡಿ 22,926; ಖಾತೆಗೆ ವಾಪಸು ಬರುವುದು 426 ರೂಪಾಯಿ. ಇನ್ನು ಮುಂದೆ ಇಂಥ ಅವಕಾಶ ಬಂದರೆ ಬ್ಯಾಂಕಿನಲ್ಲಿ ಕೇಳಬೇಕಾದ್ದು ಒಂದೇ: ‘ಕಂತು ಏರಿಸುತ್ತೀರಾ, ಅವಧಿ ಏರಿಸುತ್ತೀರಾ?’ ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

20 ಲಕ್ಷ ಕೋಟಿ ಪ್ಯಾಕೇಜ್‌ನಲ್ಲಿ ನಮಗೆ ಬಂದದ್ದು ಎಷ್ಟು?

ಕೇಂದ್ರ ಸರ್ಕಾರ 2020ರಲ್ಲಿ ಘೋಷಿಸಿದ ಆ ಮೊತ್ತದಲ್ಲಿ ದೊಡ್ಡ ಪಾಲು ಸಾಲ, ಸಾಲಕ್ಕೆ ಖಾತರಿ, ಮತ್ತು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಒದಗಿಸಿದ ಹಣ. ಸಣ್ಣ ಉದ್ಯಮಗಳಿಗೆ 3 ಲಕ್ಷ ಕೋಟಿಯ ಖಾತರಿ ಎಂದರೆ ಸರ್ಕಾರ 3 ಲಕ್ಷ ಕೋಟಿ ಕೊಟ್ಟದ್ದಲ್ಲ. ಸಾಲ ಮುಳುಗಿದರೆ ತುಂಬಿಕೊಡುತ್ತೇನೆ ಎಂದದ್ದು. ನೇರ ಕೈಗೆ ಬಂದದ್ದು ಜನಧನ್ ಖಾತೆಯ ಮಹಿಳೆಯರಿಗೆ ತಿಂಗಳಿಗೆ 500ರಂತೆ ಮೂರು ಕಂತು, ಸುಮಾರು 80 ಕೋಟಿ ಜನರಿಗೆ ತಲಾ 5 ಕಿಲೋ ಧಾನ್ಯ. ಅಕ್ಕಿ ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ಇಡೀ ಪ್ಯಾಕೇಜಿನಲ್ಲಿ ತಪ್ಪದೆ, ಬೇಗ, ಬೇಕಾದವರಿಗೆ ಮುಟ್ಟಿದ್ದು ಅದೇ. ಕಾರಣ ಸರಳ: ರೇಷನ್ ಅಂಗಡಿ ಮೊದಲೇ ಇತ್ತು, ಕಾರ್ಡೂ ಇತ್ತು, ಗೋದಾಮೂ ತುಂಬಿತ್ತು. ಹಣ ಮುಟ್ಟಿಸುವ ವ್ಯವಸ್ಥೆಯನ್ನು ರೋಗ ಬಂದ ಮೇಲೆ ಕಟ್ಟಲು ಆಗುವುದಿಲ್ಲ.

ಕಚ್ಚಾ ತೈಲ ನೀರಿಗಿಂತ ಅಗ್ಗ ಆಗಿತ್ತಂತೆ. ಪಂಪಿನಲ್ಲಿ ಯಾಕೆ ಇಳಿಯಲಿಲ್ಲ?

ಇಳಿದಷ್ಟನ್ನು ತೆರಿಗೆ ಎತ್ತಿಕೊಂಡಿತು. ಕೇಂದ್ರದ ಅಬಕಾರಿ ಸುಂಕ 2020ರ ಮಾರ್ಚ್‌ನಲ್ಲಿ ಲೀಟರಿಗೆ 3 ರೂಪಾಯಿ, ಮೇನಲ್ಲಿ ಪೆಟ್ರೋಲಿಗೆ 10, ಡೀಸೆಲಿಗೆ 13 ಏರಿತು. ಒಟ್ಟು ಪೆಟ್ರೋಲಿಗೆ 32.98, ಡೀಸೆಲಿಗೆ 31.83. ಉಳಿದ ತೆರಿಗೆ ಬತ್ತಿದಾಗ ಸರ್ಕಾರಕ್ಕೆ ಸುಲಭವಾಗಿ ಸಿಕ್ಕಿದ ಕೊಳವೆ ಇದು. ರೋಗದ ಬಿಲ್ಲಿನ ಒಂದು ಪಾಲನ್ನು ಬೈಕಿನವರೂ ಮೀನಿನ ಟೆಂಪೋದವರೂ ಕಟ್ಟಿದರು.

ನೋಟು ಪ್ರಿಂಟ್ ಮಾಡಿ ಹಂಚಬಹುದಿತ್ತಲ್ಲ?

ಅದಕ್ಕೆ ಹತ್ತಿರದ್ದು ನಡೆಯಿತು. ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಎರಡು ಹೆಜ್ಜೆಯಲ್ಲಿ ಶೇ. 5.15ರಿಂದ 4ಕ್ಕೆ ಇಳಿಯಿತು. ಕೇಂದ್ರದ ವಿತ್ತೀಯ ಕೊರತೆ ಜಿಡಿಪಿಯ ಶೇ. 3.5 ಇರಬೇಕಾದದ್ದು 9.2ಕ್ಕೆ ಹೋಯಿತು. ಅಂದರೆ ಸಾಲ ಮಾಡಿ ಖರ್ಚು ಮಾಡಿದರು. ಪೂರ್ತಿ ನೋಟು ಹಂಚದಿರಲು ಕಾರಣ ಸರಕಿನ ಕೊರತೆ: ಲಾರಿ ಓಡದಾಗ ಹಣ ಹೆಚ್ಚಾದರೆ ಇದ್ದ ಈರುಳ್ಳಿಗೇ ಹೆಚ್ಚು ಬೆಲೆ. ಬೇಡಿಕೆ ಕುಸಿದ ವರ್ಷವೂ ಚಿಲ್ಲರೆ ಹಣದುಬ್ಬರ ಸರಾಸರಿ ಶೇ. 6.2 ಇತ್ತು. ಹಾಗಿದ್ದರೂ ಬಡವರ ಕೈಗೆ ಇನ್ನಷ್ಟು ನಗದು ಕೊಡಲು ಜಾಗ ಇತ್ತೆಂದು ಅನೇಕ ಅರ್ಥಶಾಸ್ತ್ರಜ್ಞರು ಆಗಲೇ ಹೇಳಿದ್ದರು. ನಮಗೂ ಹಾಗೇ ಅನಿಸುತ್ತದೆ.

ಅಂಗಡಿಗಳು ಮುಚ್ಚಿದಾಗ ಷೇರು ಪೇಟೆ ಏರಿದ್ದು ಹೇಗೆ?

ಸೆನ್ಸೆಕ್ಸ್ 2020ರ ಮಾರ್ಚ್ 23ಕ್ಕೆ 25,981. 2021ರ ಜನವರಿ 21ಕ್ಕೆ 50,000 ಮುಟ್ಟಿತು. ಅದರಲ್ಲಿರುವುದು 30 ದೊಡ್ಡ ಕಂಪನಿಗಳು. ಸಣ್ಣವರು ಮುಚ್ಚಿದಾಗ ಗಿರಾಕಿ ಹೋದದ್ದು ಅವರ ಕಡೆಗೇ. ಜೊತೆಗೆ ಎಫ್‌ಡಿ ಬಡ್ಡಿ ಇಳಿದಿತ್ತು, ಹಣಕ್ಕೆ ಬೇರೆ ಜಾಗ ಇರಲಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಎಂಡೋಸಲ್ಫಾನ್ ಕೂಡ ಆರೋಗ್ಯ ದುರಂತವೇ. ಅದು ಯಾಕೆ ಯಾವ ಜಿಡಿಪಿಯಲ್ಲೂ ಕಾಣುವುದಿಲ್ಲ?

ಅದು ಒಂದು ತ್ರೈಮಾಸಿಕದಲ್ಲಿ ಬರಲಿಲ್ಲ. ಸರ್ಕಾರಿ ಗೇರು ತೋಟಗಳ ಮೇಲೆ 2000ದವರೆಗೆ ಸುಮಾರು ಎರಡು ದಶಕ ಈ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ತೋಟದ ಗೇರುಬೀಜ ಆಯಾ ವರ್ಷದ ಉತ್ಪಾದನೆಗೆ ಸೇರಿತು. ಎಣ್ಮಕಜೆಯಂಥ ಊರುಗಳ ಮಕ್ಕಳ ಕಾಯಿಲೆ ಯಾರ ಖರ್ಚಿಗೂ ಸೇರಲಿಲ್ಲ. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಲು ಹೇಳಿತು. ತಡವಾದದ್ದಕ್ಕೆ 2022ರಲ್ಲಿ ಸರ್ಕಾರವನ್ನು ತರಾಟೆಗೂ ತೆಗೆದುಕೊಂಡಿತು.

5 ಲಕ್ಷವನ್ನು ಶೇ. 6ಕ್ಕೆ ಇಟ್ಟರೆ ತಿಂಗಳಿಗೆ 2,500. ಹಾಸಿಗೆ ಬಿಟ್ಟೇಳದ ಮಗುವನ್ನು ನೋಡಿಕೊಳ್ಳುವ ತಾಯಿ ಬೀಡಿ ಕಟ್ಟಲೂ ಕೂರಲಾರರು, ಉದ್ಯೋಗ ಖಾತರಿಗೂ ಹೋಗಲಾರರು. 2020–21ರ ಕೇರಳದ ಖಾತರಿ ಕೂಲಿ ದಿನಕ್ಕೆ 291. 25 ದಿನ ಸಿಕ್ಕಿದರೆ 7,275. ಪರಿಹಾರದ ಬಡ್ಡಿ ಆ ಒಬ್ಬ ತಾಯಿಯ ಕಳೆದುಹೋದ ಕೂಲಿಯ ಸುಮಾರು ಮೂರನೆಯ ಒಂದು ಪಾಲು ಮಾತ್ರ, ಔಷಧದ ಮಾತು ಹಾಗಿರಲಿ. ನಿಧಾನದ ರೋಗ ಹೀಗೆ: ಒಂದು ಪೀಳಿಗೆಯ ದುಡಿಮೆಯನ್ನು ತಿನ್ನುತ್ತದೆ, ಯಾವ ಪತ್ರಿಕೆಯ ಮುಖಪುಟದಲ್ಲೂ ‘ಶೇಕಡಾ ಇಷ್ಟು ಕುಸಿತ’ ಎಂದು ಬರುವುದಿಲ್ಲ.

1918ರ ಜ್ವರಕ್ಕೆ ಇದನ್ನು ಹೋಲಿಸಬಹುದಾ?

ಎಚ್ಚರಿಕೆಯಿಂದ. ಆಗ ಸ್ಪ್ಯಾನಿಷ್ ಫ್ಲೂ ಎಂಬ ಜ್ವರಕ್ಕೆ ಭಾರತದಲ್ಲಿ ಕೋಟಿಗೂ ಮಿಕ್ಕಿ ಜನ ಸತ್ತರು. 1911–21 ನಮ್ಮ ಜನಗಣತಿಯಲ್ಲಿ ಜನಸಂಖ್ಯೆ ಇಳಿದ ಏಕೈಕ ದಶಕ. ಅದು ಹೆಚ್ಚಾಗಿ ಕೊಂದದ್ದು 20ರಿಂದ 40ರ ದುಡಿಯುವ ಪ್ರಾಯದವರನ್ನು, ಕೋವಿಡ್ ಹೆಚ್ಚಾಗಿ ಪ್ರಾಯವಾದವರನ್ನು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು, ಆದ್ದರಿಂದ ನಷ್ಟದಲ್ಲಿ ಜ್ವರದ ಪಾಲೆಷ್ಟು, ಬರದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ.

ಆರೋಗ್ಯಕ್ಕೆ ಮೊದಲೇ ಖರ್ಚು ಮಾಡಿದರೆ ನಿಜವಾಗಿ ಉಳಿತಾಯ ಆಗ್ತದಾ? ರೋಗ ಬರದಿದ್ದರೆ ದಂಡ ಅಲ್ವಾ?

ಅಡಕೆಯ ಕೊಳೆರೋಗಕ್ಕೆ ಮದ್ದು ಬಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನಕ್ಕೆ ಇನ್ನೊಂದು ಸಲ. ಮಳೆ ಕಡಿಮೆಯಾದ ವರ್ಷ ‘ದಂಡ’ ಎನಿಸುತ್ತದೆ. ಕಾಯಿ ಉದುರಲು ಶುರುವಾದ ಮೇಲೆ ಮರ ಹತ್ತುವವರೂ ಸಿಗುವುದಿಲ್ಲ, ಬಿಸಿಲೂ ಸಿಗುವುದಿಲ್ಲ, ಮದ್ದು ಅಂಟುವುದೂ ಇಲ್ಲ. ಆಸ್ಪತ್ರೆಯ ಹಾಸಿಗೆ, ಆಮ್ಲಜನಕದ ಪ್ಲಾಂಟು, ತರಬೇತಾದ ನರ್ಸು ಇದೇ ಜಾತಿಯ ಖರ್ಚು. ನರ್ಸಿಂಗ್ ಕಲಿಯಲು ನಾಲ್ಕು ವರ್ಷ ಬೇಕು, ಅಲೆ ಬರಲು ನಾಲ್ಕು ವಾರ ಸಾಕು.

ದೇಶದ ಲೆಕ್ಕ: ಸರ್ಕಾರಗಳ ಆರೋಗ್ಯ ಖರ್ಚು 2013–14ರಲ್ಲಿ ಜಿಡಿಪಿಯ ಶೇ. 1.15, 2021–22ರಲ್ಲಿ ಶೇ. 1.84. 2017ರ ಆರೋಗ್ಯ ನೀತಿ 2025ಕ್ಕೆ ಶೇ. 2.5 ಎಂದಿತ್ತು. ಜನ ಕೈಯಿಂದ ಹಾಕುವ ಪಾಲು ಅದೇ ಅವಧಿಯಲ್ಲಿ ಶೇ. 64.2ರಿಂದ 39.4ಕ್ಕೆ ಇಳಿದಿದೆ. ಒಳ್ಳೆಯದೇ, ಆದರೆ ನೂರರಲ್ಲಿ 39 ಇನ್ನೂ ರೋಗಿಯ ಮನೆಯದ್ದು.

ಒಂದು ಕಡೆ 7.3 ಕುಸಿತ ಅಂತ ಉಂಟು, ಇನ್ನೊಂದು ಕಡೆ 5.8. ಯಾರು ಸುಳ್ಳು ಹೇಳ್ತಾರೆ?

ಯಾರೂ ಅಲ್ಲ. 2020–21ರ ಒಂದೇ ವರ್ಷಕ್ಕೆ ಮೊದಲು ಶೇ. 7.3, ಆಮೇಲೆ 6.6, ಆಮೇಲೆ 5.8 ಕುಸಿತ ಎಂದು ಸರ್ಕಾರದ ಅಂಕಿಅಂಶ ಕಚೇರಿಯೇ ಪ್ರಕಟಿಸಿತು. ಮೊದಲ ಅಂದಾಜಿಗೆ ದೊಡ್ಡ ಕಂಪನಿಗಳ ಲೆಕ್ಕ ಬೇಗ ಸಿಗುತ್ತದೆ. ಬೀದಿ ವ್ಯಾಪಾರ, ಬೀಡಿ, ಸಣ್ಣ ಹೋಟೆಲು ಕೂಡ ಅದೇ ಪ್ರಮಾಣದಲ್ಲಿ ಬಿದ್ದಿರಬಹುದೆಂದು ಹೆಚ್ಚಿನ ಕಡೆ ಊಹಿಸುತ್ತಾರೆ. ರೋಗದ ವರ್ಷದಲ್ಲಿ ತಪ್ಪುವುದು ಈ ಊಹೆಯೇ, ಏಕೆಂದರೆ ಆಗ ದೊಡ್ಡವರೂ ಸಣ್ಣವರೂ ಒಟ್ಟಿಗೆ ಬೀಳುವುದಿಲ್ಲ. ಭಾಷಣಕ್ಕೋ ಪ್ರಬಂಧಕ್ಕೋ ಅಂಕಿ ಬರೆಯುವಾಗ ಪಕ್ಕದಲ್ಲಿ ‘ತಾತ್ಕಾಲಿಕ’, ‘ಮೊದಲ ಪರಿಷ್ಕರಣೆ’, ‘ಎರಡನೆಯ ಪರಿಷ್ಕರಣೆ’ ಎಂಬುದನ್ನೂ ಪ್ರಕಟವಾದ ತಿಂಗಳನ್ನೂ ಗುರುತು ಹಾಕಿಕೊಳ್ಳಿ. ಎರಡು ವರ್ಷಗಳನ್ನು ಹೋಲಿಸುವಾಗ ಎರಡೂ ಅಂಕಿ ಒಂದೇ ಪ್ರಕಟಣೆಯಿಂದ ಬಂದಿರಲಿ. ಒಂದನ್ನು ಹಳೆಯ ಪತ್ರಿಕೆಯಿಂದ, ಇನ್ನೊಂದನ್ನು ಹೊಸದರಿಂದ ತೆಗೆದರೆ ಬರುವ ಉತ್ತರ ತಪ್ಪು.